ದಹ್ಬಿಯಾ ತಂದ ಸೀಟುಗಳು

ಪರದೇಶದ ದುಡಿಮೆ ಮುಗಿಸಿ ಕಾಯಮ್ಮಾಗಿ ಊರಿಗೆ ಮರಳುವ ನಮ್ಮ ಜನ ಏನೇನು ಹೊತ್ತು ತರುತ್ತಾರೆಂಬುದು ನನಗೆ ಬಾಯಿಪಾಠ. ಬೇಸಿಗೆ ಬಂತೆಂದರೆ ಮಾರ್ಸೇಯ ಬಂದರಿನಲ್ಲಿ, ನಮ್ಮ ದೇಶದ ಟ್ಯುನಿಸ್‌ಗೆ ಹೋಗುವ ಹಡಗಿಗಾಗಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದೊಂದರ ನೆತ್ತಿಯ ಮೇಲೂ ಇನ್ನೊಂದು ಕಾರಿನಷ್ಟು ಎತ್ತರದ ಹೊರೆ: ಹಾಸಿಗೆ, ಸೈಕಲ್ಲು, ಫ್ರಿಜ್ಜು, ಕಂಬಳಿ, ಹೊಲಿಗೆ ಯಂತ್ರ, ಅವುಗಳ ಮೇಲೆ ನೀಲಿ ತಾಡಪಾಲು, ತಾಡಪಾಲಿನ ಮೇಲೆ ಹಗ್ಗದ ಬಲೆ. ಹಿಂದಿನ ಸೀಟುಗಳನ್ನು ಕಿತ್ತೊಗೆದು ಒಳಗನ್ನೂ ಸೂರಿನ ತನಕ ತುರುಕಿರುತ್ತಾರೆ. ಇಷ್ಟು ವರ್ಷ ಯಾರದೋ ನೆಲ ಒರೆಸಿ, ಯಾರದೋ ಗೋಡೆ ಕಟ್ಟಿದವರು ಬರಿಗೈಲಿ ಊರು ಸೇರುವುದು ಹೇಗೆ?

ದಹ್ಬಿಯಾ ಮಾತ್ರ ಸೀಟುಗಳನ್ನೇ ತಂದಳು. ಖಾಲಿ ಸೀಟುಗಳನ್ನು. ಅವಳ ಪಕ್ಕದಲ್ಲಿ ಕೂತು ಬಂದವಳು ನಾನು, ಸಾಲ್ಹಾ.

ನಾವಿಬ್ಬರೂ ಕೈರುವಾನ್ ಸೀಮೆಯ ಔಲಾದ್ ಸಾಸಿ ಎಂಬ ಊರಿನವರು. ಮಾರ್ಸೇಯಲ್ಲಿ ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ರೈಲು ಡಬ್ಬಿ ತೊಳೆದವರು. ಮೊದಲ ರೈಲು ಹೊರಡುವ ಮುಂಚೆ ಡಬ್ಬಿಗಳು ಫಳಫಳ ಅನ್ನಬೇಕು. ಆ ಹೊತ್ತಿಗೆ ನಮ್ಮನ್ನು ಅಲ್ಲಿಗೆ ಮುಟ್ಟಿಸುವ ಬಸ್ಸು ಮಾತ್ರ ಒಂದೂ ಇರಲಿಲ್ಲ. ತನ್ನ ಕೊಳೆ ತೊಳೆಯುವವರು ನಡೆದು ಬರುತ್ತಾರೋ ಹಾರಿ ಬರುತ್ತಾರೋ ಎಂದು ಆ ನಗರ ಒಂದು ದಿನವೂ ವಿಚಾರಿಸಲಿಲ್ಲ. ಗಂಡ ತೀರಿಕೊಂಡ ವರ್ಷ, ಐವತ್ತು ದಾಟಿದ ಮೇಲೆ, ದಹ್ಬಿಯಾ ಡ್ರೈವಿಂಗ್ ಕಲಿಯಲು ಹೋದಳು. ಪದೇ ಪದೇ ಫೇಲಾದಳು. "ಕೊನೆಗೆ ಆ ಪರೀಕ್ಷೆ ಮಾಡೋ ಪುಣ್ಯಾತ್ಮನಿಗೇ ನನ್ನ ಮುಖ ನೋಡಿ ನೋಡಿ ಬೇಜಾರಾಗಿ ಪಾಸು ಮಾಡ್ಬಿಟ್ಟ" ಎಂದು ನಗಿಸುತ್ತಿದ್ದಳು. ಒಂದು ಮುದಿ ಕಾರು ಕೊಂಡಳು. ಅಂದಿನಿಂದ ನಾವು ಐದು ಹೆಂಗಸರು ಕತ್ತಲಲ್ಲಿ ಕೂತುಕೊಂಡು ಕೆಲಸಕ್ಕೆ ಹೋದೆವು. ಕೂತುಕೊಂಡು ಎಂಬ ಮಾತನ್ನು ನೆನಪಿಡಿ, ಇಡೀ ಕಥೆ ಅದರದ್ದೇ.

ಅವಳು ನಿವೃತ್ತಳಾದಳು, ಊರಿಗೆ ಮರಳುವುದೆಂದು ನಿಶ್ಚಯಿಸಿದಳು. ಹಾಗೆ ಮರಳುವವರಿಗೆ ನಮ್ಮ ಸರ್ಕಾರದ್ದೊಂದು ರಿಯಾಯಿತಿ ಉಂಟು. ಒಂದು ವಾಹನವನ್ನು ಸುಂಕ ಕಟ್ಟದೆ ತರಬಹುದು. ವಾಹನ ತೀರ ಹಳೆಯದಾಗಿರಬಾರದು. ಒಬ್ಬರಿಗೆ ಒಂದೇ, ಆಯುಷ್ಯದಲ್ಲಿ ಒಂದೇ ಸಲ. ಈ ರಿಯಾಯಿತಿಯನ್ನು ಹಕ್ಕಿನಂತೆ ಬಳಸುವ ಬಡವರೆಷ್ಟೋ ಇದ್ದಾರೆ, ಅದನ್ನು ಬಡವರ ಕೈಯಿಂದ ಕಿತ್ತುಕೊಳ್ಳುವ ಸಿರಿವಂತರೂ ಅಷ್ಟೇ ಇದ್ದಾರೆ. ಊರಲ್ಲಿ ಕೂತ ಸಾಹುಕಾರ ಜರ್ಮನಿಯ ಭಾರಿ ಕಾರೊಂದನ್ನು ಕಸ ಗುಡಿಸುವ ಯಾರದೋ ಹೆಸರಿನಲ್ಲಿ ತರಿಸಿಕೊಳ್ಳುತ್ತಾನೆ. ಸುಂಕ ಉಳಿಯುವುದು ಅವನಿಗೆ. ಗುಡಿಸಿದವನ ಆಯುಷ್ಯದ ಒಂದೇ ಒಂದು ಅವಕಾಶ ಅಲ್ಲಿಗೆ ಮುಗಿಯಿತು.

ದಹ್ಬಿಯಾಳ ಹಕ್ಕಿನ ವಾಸನೆ ಹಿಡಿದು ಲಸ್ಸಾದ್ ಮಾರ್ಸೇಗೇ ಬಂದಿಳಿದ. ಔಲಾದ್ ಸಾಸಿಯ ಸುತ್ತಲಿನ ಮೆಣಸಿನಕಾಯಿ ಹೊಲಗಳೆಲ್ಲ ಅವನವು. ಹೆಂಗಸರನ್ನು ಆ ಹೊಲಗಳಿಗೆ ಸಾಗಿಸುವ ಪಿಕಪ್ ಗಾಡಿಗಳೂ ಅವನವೇ. ಒಂದು ಪಿಕಪ್ಪಿಗೆ ದಹ್ಬಿಯಾಳ ಒಡಹುಟ್ಟಿದ ತಮ್ಮ ಧಾವ್ ಡ್ರೈವರು. ಧಾವ್‌ಗೆ ವೀಸಾ ಸಿಗುವುದು ಈ ಜನ್ಮದಲ್ಲಿಲ್ಲ. ಲಸ್ಸಾದ್‌ಗೆ ಬೇಕೆಂದಾಗ ಸಿಗುತ್ತದೆ.

ಅವಳ ಅಡುಗೆಮನೆಯಲ್ಲಿ ಕೂತು, ಪುದೀನ ಹಾಕಿದ ಚಹಾ ಹೀರಿ, ಅವನು ಮಾತು ತೆಗೆದ.

"ನಿಮಗೇನೂ ತೊಂದ್ರೆ ಇಲ್ಲ ಅಕ್ಕಾ. ಹೆಸರು ನಿಮ್ಮದು, ಕಾರು ನನ್ನದು, ಅಷ್ಟೆ. ನೀವು ಸುಮ್ನೆ ಹಡಗಿಂದ ಇಳಿಸಿಕೊಟ್ರೆ ಸಾಕು."

"ಹೆಸರು ನಿನಗೆ ಕೊಟ್ಟ ಮೇಲೆ ನನ್ನ ಹತ್ರ ಏನು ಉಳೀತದಪ್ಪಾ?"

"ಅಯ್ಯೋ, ನಿಮ್ಮನ್ನ ಬರಿಗೈಲಿ ಬಿಡ್ತೀನಾ? ಧಾವ್ ಎಲ್ಲಾ ಮಾತಾಡಿ ಮುಗಿಸಿದಾನಲ್ಲ."

"ಧಾವ್ ಮಾತಾಡಿದಾನಾ? ಯಾರ ಪರವಾಗಿ?"

ಲಸ್ಸಾದ್ ಗೊಂದಲಗೊಂಡ. "ನಮ್ಮಕ್ಕನ ಹಕ್ಕು ಅಂದ್ರೆ ನಂದೇ ಇದ್ದಂಗೆ, ತಗೊಂಡೋಗಿ ಅಂದ. ಅವನ ಮಾತು ನಂಬಿ ಕಾರಿಗೆ ಮುಂಗಡ ಕೊಟ್ಬಿಟ್ಟಿದೀನಿ ಅಕ್ಕಾ!"

ನಮ್ಮ ಕಡೆಯ ಗಂಡಸರು ಮಾತ್ರ ಮಾಡಬಲ್ಲ ತಪ್ಪು ಇದು. ಅಪ್ಪನ ಆಲಿವ್ ತೋಪಿನಲ್ಲಿ ಅಕ್ಕನ ಪಾಲು ಯಾವತ್ತೋ ಕೇಳದೆಯೇ ತಮ್ಮನದಾಗಿತ್ತು. ಅವಳು ಪರದೇಶದಲ್ಲಿ ಬೆನ್ನು ಮುರಿದು ಗಳಿಸಿದ ಹಕ್ಕೂ ಹಾಗೇ ಆಗಬಹುದೆಂದು ಧಾವ್ ನಂಬಿದ್ದ. ಅವನು ಕೆಟ್ಟವನೆಂದು ನಾನು ಹೇಳಲಾರೆ. ಅಕ್ಕನನ್ನು ಕೇಳಬೇಕೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

ದಹ್ಬಿಯಾ ನನ್ನ ಕಡೆ ತಿರುಗಿದಳು. "ನನ್ನ ಹಕ್ಕಿಗೆ ಗಿರಾಕಿ ಸಿಕ್ಕಿದ್ದು ನನಗೇ ಗೊತ್ತಿರ್ಲಿಲ್ಲ ನೋಡೇ ಸಾಲ್ಹಾ." ಆಮೇಲೆ ಅವನಿಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದಳು. "ನಾನು ವ್ಯಾನು ತಗೊಂಡಾಯ್ತು ಲಸ್ಸಾದ್. ಒಂಬತ್ತು ಸೀಟಿಂದು. ಅದೇ ಬರ್ತದೆ."

ಅವನಿಗೆ ನಗು ತಡೆಯಲಾಗಲಿಲ್ಲ. "ಒಂಬತ್ತು ಸೀಟಾ? ಒಂಟಿ ಹೆಂಗಸು ನೀವು, ಮಕ್ಕಳೂ ಇಲ್ಲ. ಯಾರನ್ನ ಕೂರಿಸ್ತೀರಾ, ಕೋಳಿಗಳನ್ನಾ?"

"ನಿನ್ನ ಹೊಲಕ್ಕೆ ಹೋಗೋರನ್ನ."

ನಗು ನಿಂತಿತು.

ಅವನ ಪಿಕಪ್ಪುಗಳ ವಿಷಯ ಹೇಳಿಬಿಡುತ್ತೇನೆ. ಹಿಂದಿನ ತೆರೆದ ಡಬ್ಬಿಯಲ್ಲಿ ಹೆಂಗಸರನ್ನು ನಿಲ್ಲಿಸುತ್ತಾರೆ, ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ. ಕೂತರೆ ಜಾಗ ಜಾಸ್ತಿ ಹಿಡಿಯುತ್ತದೆ, ಕಡಿಮೆ ಜನ ಹಿಡಿಯುತ್ತಾರೆ. ಅದಕ್ಕೇ ಹೊರಡುವ ಮುಂಚೆ ಡ್ರೈವರು ಡಬ್ಬಿಯ ನೆಲಕ್ಕೆ ಒಂದು ಬಕೆಟ್ ನೀರು ಸುರಿಯುತ್ತಾನೆ. ಒದ್ದೆಯಲ್ಲಿ ಯಾರು ಕೂರುತ್ತಾರೆ? ಕುರಿಗಳನ್ನು ಸಾಗಿಸುವಾಗ ಇದೇ ಜನ ಹುಲ್ಲು ಹಾಸುತ್ತಾರೆ. ಹಿಂದಿನ ವರ್ಷ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಲಸ್ಸಾದ್‌ನ ಇನ್ನೊಂದು ಪಿಕಪ್ ತಿರುವಿನಲ್ಲಿ ಮಗುಚಿತು. ಸತ್ತವರಲ್ಲಿ ನಮ್ಮ ಜೊತೆ ಆಡಿ ಬೆಳೆದ ಹ್ನಿಯಾ ಇದ್ದಳು. ರೇಡಿಯೊದವರು ಅಪಘಾತ ಅಂದರು. ಅದನ್ನು ಅಪಘಾತ ಅನ್ನುವ ನಾಲಿಗೆಗೆ ಹುಳ ಬೀಳಲಿ. ಆಗ ರಜೆಗೆಂದು ಊರಲ್ಲಿದ್ದ ದಹ್ಬಿಯಾ, ಹ್ನಿಯಾಳ ಹೆಣಕ್ಕೆ ತಾನೇ ಸ್ನಾನ ಮಾಡಿಸಿದಳು. ಕೂದಲಿನಿಂದ ಮಣ್ಣು ತೆಗೆಯುತ್ತಾ ಒಂದೇ ಮಾತು ಆಡಿದಳು: "ಕೂತಿದ್ದಿದ್ರೆ ಇವಳು ಬದುಕಿರ್ತಿದ್ಲು." ಅಳಲಿಲ್ಲ. ಮಾರ್ಸೇಗೆ ಮರಳಿ ಒಂಬತ್ತು ಸೀಟಿನ ವ್ಯಾನು ಹುಡುಕಲು ಶುರುಮಾಡಿದಳು.

ಲಸ್ಸಾದ್ ಲೋಟ ಕೆಳಗಿಟ್ಟ. "ನೋಡಿ ಅಕ್ಕಾ, ನಿಮ್ಮ ತಮ್ಮನಿಗೆ ನನ್ನ ಗಾಡಿ ಬಿಟ್ರೆ ಬೇರೆ ಕೆಲಸ ಇಲ್ಲ. ಅದನ್ನೂ ಯೋಚನೆ ಮಾಡಿ."

"ಯೋಚನೆ ಮಾಡಿದೀನಿ. ಅವನು ನಿನ್ನ ಹತ್ರ ಎಷ್ಟು ವರ್ಷದಿಂದ ಇದಾನೆ? ಅವನನ್ನ ಕೈಬಿಡೋಕೆ ನಿನಗೆ ಇಷ್ಟು ಸಲೀಸು ಅಂದ್ರೆ, ನೀನು ಅವನನ್ನ ಯಾವತ್ತು ಹಿಡ್ಕೊಂಡಿದ್ದೆ?"

ಅವನು ಹೋದ ಅರ್ಧ ಗಂಟೆಯಲ್ಲಿ ಧಾವ್‌ನ ಫೋನು ಬಂತು. ಬೈದ, ಅತ್ತ, ಮತ್ತೆ ಬೈದ. "ಊರಲ್ಲಿ ನನ್ನ ಮುಖಕ್ಕೆ ಮಸಿ ಬಳೀತೀಯೇನಕ್ಕಾ? ಮಾತು ಕೊಟ್ಟಿದೀನಿ ನಾನು!" ದಹ್ಬಿಯಾ ಫೋನನ್ನು ಮೇಜಿನ ಮೇಲಿಟ್ಟು, ಅವನ ಗಂಟಲು ಒಣಗುವ ತನಕ ಈರುಳ್ಳಿ ಹೆಚ್ಚಿದಳು. ಆಮೇಲೆ ಮೆಲ್ಲಗೆ, "ನಿನ್ನದೇ ಏನಾದ್ರೂ ಇದ್ರೆ ಅದರ ಮೇಲೆ ಮಾತು ಕೊಡು ತಮ್ಮಾ" ಎಂದು ಕಟ್ ಮಾಡಿದಳು. ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚತೊಡಗಿದಳು. ತಮ್ಮನೆಂದರೆ ಅವಳಿಗೆ ಪ್ರಾಣ. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ.

ಹೊರೆ ಕಟ್ಟುವ ದಿನ ಇಡೀ ಗಲ್ಲಿ ನೆರೆಯಿತು. ನಮ್ಮಲ್ಲಿ ಅದೊಂದು ಹಬ್ಬವೇ. ಮೇಲಿನ ಮನೆಯ ಅಲ್ಜೀರಿಯದ ಮುದುಕ ಮೊಖ್ತಾರ್, ಅರ್ಧ ಮಾರ್ಸೇಯ ಹೊರೆಗಳನ್ನು ಕಟ್ಟಿ ಕಳಿಸಿದವನು, ಹಗ್ಗ ಹಿಡಿದು ಬಂದ. ವ್ಯಾನಿನ ಬಾಗಿಲು ತೆರೆದು ನೋಡಿ ಹೌಹಾರಿದ.

"ಏನವ್ವಾ ಇದು, ಸೀಟು ಹಂಗೇ ಇದಾವಲ್ಲ! ತೆಗೀಲೇ ಇಲ್ವಾ?"

"ತೆಗೆಯಲ್ಲ ಮಾವ."

"ತಲೆ ಕೆಟ್ಟಿದ್ಯಾ? ಇಲ್ಲಿ ಎರಡು ಫ್ರಿಜ್ಜು, ಆರು ಹಾಸಿಗೆ ಹಿಡಿಸ್ತೀನಿ ನಾನು. ಖಾಲಿ ವ್ಯಾನು ತಗೊಂಡು ಸಮುದ್ರ ದಾಟ್ತಾರಾ ಯಾರಾದ್ರೂ? ನೋಡಿದೋರು ಈವಮ್ಮ ಜೈಲಿಂದ ಬಂದ್ಲಾ ಅಂತಾರೆ!"

"ಸೀಟೇ ನಾನು ತಗೊಂಡೋಗ್ತಿರೋ ಸಾಮಾನು. ಮೇಲೆ ಕಂಬಳಿ ಕಟ್ಟು, ಪಾತ್ರೆ ಕಟ್ಟು. ಒಳಗೆ ಒಂದು ಸೂಜೀನೂ ಇಡಬೇಡ."

ಮೊಖ್ತಾರ್ ಗೊಣಗಿದ, ಶಪಿಸಿದ, ಕೊನೆಗೆ ಛಾವಣಿಯ ಮೇಲೆ ಹಾಸಿಗೆ ಕಂಬಳಿಗಳನ್ನು ಎಂಥ ಚೆಂದಕ್ಕೆ ಬಿಗಿದನೆಂದರೆ ಒಂದು ಮೂಲೆಯೂ ಅಲುಗಲಿಲ್ಲ. ಅವಳ ಹಳೆಯ ಟೀವಿ, ಕುರ್ಚಿ, ಕಪಾಟು ಗಲ್ಲಿಯಲ್ಲೇ ಹಂಚಿಹೋದವು. ಪ್ರತಿ ಸೀಟಿನ ಪಟ್ಟಿಯನ್ನೂ ಅವಳು ಎಳೆದು, ಸಿಕ್ಕಿಸಿ, ಬಿಚ್ಚಿ ನೋಡಿದಳು. ಅಷ್ಟು ವರ್ಷ ಡಬ್ಬಿ ತೊಳೆದ ಆ ಬೆರಳುಗಳು ಸೀಟಿನ ಸಂದಿಸಂದಿಗೂ ಹೋಗಿ ಬಂದವು.

ಹಡಗಿನಲ್ಲಿ ಅವಳು ನಿದ್ದೆ ಮಾಡಲಿಲ್ಲವೆಂದು ಬೇರೆ ಹೇಳಬೇಕಿಲ್ಲ. "ಬಂದರಲ್ಲಿ ತಕರಾರು ಮಾಡಿದ್ರೆ?" ಎಂದು ಒಮ್ಮೆ ಕೇಳಿದಳು. ಅವಳ ಬಾಯಲ್ಲಿ ಭಯದ ಮಾತು ಕೇಳಿದ್ದು ಅದೊಂದೇ ಸಲ. ಒಂದು ಸಲದ ಹಕ್ಕು. ವ್ಯಾನನ್ನು ಒಪ್ಪದೆ ತಡೆದರೆ ಸುಂಕ ಕಟ್ಟುವ ಶಕ್ತಿ ಅವಳಿಗಿರಲಿಲ್ಲ. ಬಂದ ಹಡಗಿನಲ್ಲೇ ವಾಪಸು ಕಳಿಸಬೇಕು, ಆಮೇಲೆ ಇನ್ನೊಂದು ಅವಕಾಶವಿಲ್ಲ.

ತಕರಾರು ಆಯಿತು. ಟ್ಯುನಿಸ್ ಬಂದರಿನ ಬಿಸಿಲಲ್ಲಿ, ಹೊರೆ ಹೊತ್ತ ನೂರಾರು ಕಾರುಗಳ ನಡುವೆ, ನಮ್ಮ ವ್ಯಾನಿನ ಬಾಗಿಲು ಎಳೆದ ಅಧಿಕಾರಿ ಒಳಗೆ ಇಣುಕಿ, ಹೊರಗೆ ಬಂದು, ಮತ್ತೆ ಇಣುಕಿದ. ಉಳಿದ ಗಾಡಿಗಳಲ್ಲಿ ಸಾಮಾನು ಅತಿಯಾಯಿತೆಂದು ಅವನಿಗೆ ಅನುಮಾನ. ಇಲ್ಲಿ ಏನೂ ಇಲ್ಲವೆಂದು ಅನುಮಾನ.

"ಸಾಮಾನೆಲ್ಲಿ?"

"ಮೇಲಿದೆಯಲ್ಲ."

"ಒಳಗೇನು ತಂದಿದೀರಿ?"

"ಸೀಟು."

ಅವನು ಸೀಟುಗಳ ಅಡಿ ತಡವಿದ, ಬೆನ್ನು ತಟ್ಟಿದ, ಟಾರ್ಚು ಬಿಟ್ಟ. ಸೀಟುಗಳ ಒಳಗೆ ಸೀಟೇ ಇತ್ತು. "ಟ್ಯಾಕ್ಸಿ ಓಡಿಸೋ ಪ್ಲಾನಾ ಅಮ್ಮಾ? ಗಂಡ ಇಲ್ಲ, ಮಕ್ಕಳಿಲ್ಲ, ಒಂಬತ್ತು ಸೀಟು ಯಾಕೆ?"

"ಟ್ಯಾಕ್ಸಿ ಅಲ್ಲಪ್ಪಾ. ನನಗೆ ನೆಂಟರು ಜಾಸ್ತಿ."

ನನಗೆ ತಡೆಯಲಾಗಲಿಲ್ಲ. ಮಾರ್ಸೇಯ ಕಾರ್ಮಿಕ ಸಂಘದ ಕೋಣೆಯಲ್ಲಿ ಭಾನುವಾರ ಭಾನುವಾರ ನಾವು ಕೂಡಿ ಓದಿದ್ದೆಲ್ಲ ಬಾಯಿಗೆ ಬಂತು. "ಸ್ವಾಮೀ, ದೊಡ್ಡವರ ದೊಡ್ಡ ಕಾರು ಬಂದಾಗ ಯಾಕೆ ಅಂತ ಕೇಳ್ತೀರಾ? ದುಡಿಯೋ ಜನ..." ದಹ್ಬಿಯಾ ನನ್ನ ತೊಡೆ ಹಿಂಡಿದಳು, ನೋವಾಗುವ ಹಾಗೆ. "ಇವಳಿಗೆ ಬಿಸಿಲು ಆಗಲ್ಲ, ತಲೆ ತಿರುಗ್ತದೆ" ಎಂದಳು ಅವನಿಗೆ.

ವ್ಯಾನನ್ನು ಪಕ್ಕಕ್ಕೆ ಹಾಕಿಸಿದರು. ಮೇಲಿನ ಸಾಹೇಬರು ಬಂದು ನೋಡಬೇಕಂತೆ. ಕಾದೆವು. ಸುತ್ತಲ ಕಾರುಗಳು ಒಂದೊಂದೇ ಕರಗಿದವು. ದಹ್ಬಿಯಾ ಹುರಿಹಿಟ್ಟು ತೆಗೆದು ಆಲಿವ್ ಎಣ್ಣೆಯಲ್ಲಿ ಕಲಸಿ, ನನಗೊಂದು ಉಂಡೆ, ಕಾವಲಿಗೆ ನಿಂತಿದ್ದ ಪೇದೆಗೊಂದು ಉಂಡೆ ಕೊಟ್ಟಳು. ತಾನು ತಿನ್ನಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು, ಎಬ್ಬಿಸಿದರೆ ವ್ಯಾನಿನ ಸಮೇತ ಎಬ್ಬಿಸಲಿ ಎಂಬಂತೆ.

ಸಂಜೆಯ ಮುಂಚೆ ಸಾಹೇಬರು ಬಂದರು. ವಯಸ್ಸಾದವರು, ದಣಿದ ಮುಖ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿದರು.

"ಇದನ್ನ ಓಡಿಸೋರು ಯಾರು?"

"ನಾನೇ."

"ತಮ್ಮ, ಅಳಿಯ, ಪಕ್ಕದ ಮನೆಯವನು, ಯಾರೂ ಮುಟ್ಟಂಗಿಲ್ಲ, ತಿಳೀತಾ? ರಿಯಾಯಿತಿ ನಿಮ್ಮ ಹೆಸರಿಗೆ. ಸ್ಟೀರಿಂಗ್ ಮೇಲೆ ಬೇರೆಯವರ ಕೈ ಕಂಡ್ರೆ ಗಾಡಿ ನಮ್ಮದಾಗ್ತದೆ."

ಅವರು ಗದರಿಸಲೆಂದೇ ಹೇಳಿದ್ದರು. ಬಡವರನ್ನೆಲ್ಲ ಕಳ್ಳರೆಂದು ಎಣಿಸಿ ಬರೆದ ನಿಯಮ ಅದು. ದಹ್ಬಿಯಾಳ ಮುಖ ಮಾತ್ರ ದೀಪ ಹಚ್ಚಿದಂತಾಯಿತು.

"ಸಾಹೇಬ್ರೇ, ಅದನ್ನ ಸ್ವಲ್ಪ ದಪ್ಪಕ್ಷರದಲ್ಲಿ ಬರೆದುಕೊಡಿ. ನಿಮಗೆ ಪುಣ್ಯ ಬರ್ತದೆ."

ಅವರಿಗೆ ಏನು ಅರ್ಥವಾಯಿತೋ, ನಕ್ಕರು. ಠಸ್ಸೆ ಬಿತ್ತು.

ಊರಿಗೆ ಬಂದ ಮಾರನೆಯ ದಿನವೇ ಧಾವ್ ಬಂದ. ಅಕ್ಕನನ್ನು ತಬ್ಬಿದ, ಕಣ್ಣು ಒರೆಸಿಕೊಂಡ, ಅಂಗಳದಲ್ಲಿ ನಿಂತ ವ್ಯಾನಿನ ಸುತ್ತ ಓಡಾಡಿದ. ಊರಿನವರೆಲ್ಲ ಹಾಜಿ ಎಂದು ಕರೆಯುವ ಲಸ್ಸಾದ್ ಹೊಸ ದಾರಿ ಹುಡುಕಿ ಅವನನ್ನು ಕಳಿಸಿದ್ದ.

"ಹಾಜಿ ಅಷ್ಟೇನೂ ಸಿಟ್ಟಾಗಿಲ್ಲಕ್ಕಾ. ವ್ಯಾನು ಬಂದಿದ್ದು ಬಂತು, ನಮ್ಮ ಲೆಕ್ಕದಲ್ಲೇ ಓಡ್ಲಿ ಅಂದ್ರು. ನಾನೇ ಓಡಿಸ್ತೀನಿ. ಸೀಟು ತೆಗೆದು ಇಟ್ರೆ ಹದಿನೆಂಟು ಜನ ನಿಲ್ಲಬಹುದು, ಬಿಸಿಲಿಗೆ ಛಾವಣಿನೂ ಇರ್ತದೆ. ಕೀ ಕೊಡು."

ಸೀಟು ತೆಗೆದು! ನನ್ನ ನೆತ್ತಿ ಉರಿಯಿತು. ದಹ್ಬಿಯಾ ಒಳಗೆ ಹೋಗಿ, ಠಸ್ಸೆ ಬಿದ್ದ ಕಾಗದ ತಂದು ತಮ್ಮನ ಕೈಗಿಟ್ಟಳು.

"ನೀನೇ ಓದು. ನಿನ್ನ ಕೈ ತಾಗಿದ್ರೆ ಗಾಡಿ ಸರ್ಕಾರದ್ದು. ನಾನೇನು ಮಾಡ್ಲಿ ತಮ್ಮಾ, ಕಾನೂನು!"

ಧಾವ್ ಓದಿದ, ಮತ್ತೊಮ್ಮೆ ಓದಿದ. ಒಂದು ಕಾನೂನು ತನಗೆ ಅಡ್ಡ ನಿಂತು ಅಕ್ಕನ ಬೆನ್ನಿಗಿರುವುದನ್ನು ಅವನು ಆಯುಷ್ಯದಲ್ಲಿ ಮೊದಲ ಸಲ ನೋಡುತ್ತಿದ್ದ. ಪಾಪ, ಹೇಗೆ ಕೋಪಿಸಿಕೊಳ್ಳಬೇಕೆಂದೂ ತಿಳಿಯಲಿಲ್ಲ.

"ಹಂಗಾದ್ರೆ ನಾಳೆ ನನ್ನ ಪಿಕಪ್ಪಿಗೆ ಎದುರು ನಿಲ್ಲಿಸ್ತೀಯಾ?"

"ಎದುರು ಯಾಕೆ? ಪಕ್ಕದಲ್ಲಿ ನಿಲ್ಲಿಸ್ತೀನಿ."

ಮರುದಿನ ನಸುಕಿಗೆ ಊರ ಬಾವಿಯ ಕೂಡುದಾರಿಯಲ್ಲಿ ಹೆಂಗಸರು ಸೇರಿದ್ದರು. ತಲೆಗೆ ವಸ್ತ್ರ, ಅದರ ಮೇಲೆ ಹುಲ್ಲಿನ ಟೋಪಿ, ಕಂಕುಳಲ್ಲಿ ರೊಟ್ಟಿಯ ಗಂಟು. ಪಿಕಪ್ ಬಂದು ನಿಂತಿತು, ಅದರ ಪಕ್ಕದಲ್ಲಿ ನಮ್ಮ ವ್ಯಾನು. ಧಾವ್ ಎಂದಿನಂತೆ ಬಕೆಟ್ಟು ಎತ್ತಿ ಡಬ್ಬಿಗೆ ನೀರು ಸುರಿದ. ಅಭ್ಯಾಸ. ಅವನ ಹೆಂಡತಿ ಮಹಬೂಬಾ ಆ ಗುಂಪಿನಲ್ಲೇ ನಿಂತಿದ್ದಳು, ದಿನಾಲೂ ಅವಳೂ ಆ ಒದ್ದೆಯ ಮೇಲೇ ನಿಂತು ಹೋಗುವವಳು.

ಯಾರೂ ಮುಂದೆ ಬರಲಿಲ್ಲ. ವ್ಯಾನಿನ ಕಡೆ ಕದ್ದು ನೋಡುವುದು, ನೆಲ ನೋಡುವುದು. ಇದು ಲಸ್ಸಾದ್‌ನ ಕಿವಿಗೆ ಬಿದ್ದರೆ? ನಾನು ಗಂಟಲು ಸರಿಮಾಡಿಕೊಂಡು, "ಅಕ್ಕ ತಂಗಿಯರೇ..." ಎಂದೆ.

"ಭಾಷಣ ಆಮೇಲೆ ಮಾಡೇ ತಾಯಿ, ಮೊದಲು ಬಾಗಿಲು ತೆಗಿ" ಎಂದಳು ದಹ್ಬಿಯಾ.

ಬಾಗಿಲು ತೆಗೆದೆ. ಒಳಗಿನ ಪುಟ್ಟ ದೀಪ ಹತ್ತಿತು. ಸೀಟುಗಳು ಕಂಡವು.

ತೂನಸ್ ಅಜ್ಜಿ ಗುಂಪು ಸೀಳಿಕೊಂಡು ಬಂದಳು. ಎಂಬತ್ತರ ಹತ್ತಿರದ ಮುದುಕಿ, ಇನ್ನೂ ಮೆಣಸಿನಕಾಯಿ ಬಿಡಿಸುವವಳು. ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು. "ಎಷ್ಟು ತಗೋತೀಯಾ?"

"ಏನೂ ಇಲ್ಲ ಅಜ್ಜಿ. ನೆಂಟರ ಹತ್ರ ಯಾರು ತಗೋತಾರೆ?"

"ನಾನು ನಿಂಗೆ ಯಾವ ಕಡೆ ನೆಂಟಳು?"

"ಚಿಕ್ಕವಳಿದ್ದಾಗ ನಿಮ್ಮ ಅಂಜೂರದ ಮರ ಹತ್ತಿದ್ದಕ್ಕೆ ನನ್ನ ಕಿವಿ ಹಿಂಡಿದ್ದೆಯಲ್ಲ, ಆ ಕಡೆ."

ಹೆಂಗಸರ ಗುಂಪಿನಿಂದ ನಗೆ ಹೊರಬಿತ್ತು. ಅಜ್ಜಿ ಹತ್ತಿ ಕೂತಳು. "ಅಯ್ಯಪ್ಪಾ" ಎಂದು ಬೆನ್ನು ಆನಿಸಿದಳು. ಅವಳ ಹಿಂದೆ ಒಬ್ಬಳು, ಇನ್ನೊಬ್ಬಳು. ನಾನು ಇಳಿದು ನನ್ನ ಜಾಗವನ್ನೂ ಬಿಟ್ಟುಕೊಟ್ಟೆ. ಸೀಟು ತುಂಬಿತು. ಹೊರಗೆ ಇನ್ನೂ ಇಪ್ಪತ್ತು ಮಂದಿ ಉಳಿದಿದ್ದರು.

ಇದನ್ನು ನಾನು ಯೋಚಿಸಿರಲೇ ಇಲ್ಲ. ಎಂಟು ಜನ ಕೂತರು, ಉಳಿದವರು ಮತ್ತೆ ಆ ಒದ್ದೆ ಡಬ್ಬಿಗೆ? ಧಾವ್ ಹಾರನ್ ಒತ್ತಿದ. "ಹತ್ರೀ, ಹೊತ್ತಾಯ್ತು!" ಒಬ್ಬಿಬ್ಬರು ಪಿಕಪ್ಪಿನ ಕಡೆ ಹೆಜ್ಜೆ ಹಾಕಿದರು.

ತೂನಸ್ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿದಳು. "ಎಲ್ಲಿಗ್ರೇ? ನಾವು ಕೂತು ಹೋಗಿ, ನೀವು ನಿಂತು ಬಂದ್ರೆ, ಹೊಲದಲ್ಲಿ ನಿಮ್ಮ ಮುಖ ಹೆಂಗೆ ನೋಡ್ಲಿ? ಇಲ್ಲೇ ಇರಿ. ಇವಳು ನಮ್ಮನ್ನ ಬಿಟ್ಟು ಬಂದು ನಿಮ್ಮನ್ನ ಕರ್ಕೊಂಡು ಬರ್ತಾಳೆ."

"ಅಷ್ಟರಲ್ಲಿ ಹಾಜಿ ಬೈದು ಓಡಿಸ್ತಾನಜ್ಜಿ!"

"ಯಾರನ್ನ? ನೀವು ಬರೋ ತನಕ ನಾವು ಒಂದು ಕಾಯಿ ಮುಟ್ಟಲ್ಲ. ಒಬ್ಬನೇ ಕೂತು ಬಿಡಿಸ್ಲಿ."

ಒಂದು ಕರಪತ್ರವಿಲ್ಲ, ಒಂದು ಸಭೆಯಿಲ್ಲ. ಅಷ್ಟು ಭಾನುವಾರ ನಾವು ಓದಿ ಚರ್ಚಿಸಿದ್ದನ್ನು ಆ ಮುದುಕಿ ವ್ಯಾನಿನ ಕಿಟಕಿಯಿಂದ ಮಾಡಿ ಮುಗಿಸಿದಳು. ಆ ಕಿಟಕಿಯನ್ನು ಸಮುದ್ರ ದಾಟಿಸಿ ತಂದವಳು ಗೇರು ಹಾಕಿದಳು, ವ್ಯಾನು ಹೊರಟಿತು.

ಎರಡನೆಯ ಸುತ್ತಿಗೆ ನಾನು ಸೀಟುಗಳ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೊಲ ತಲುಪಿದೆ. ಬದುವಿನ ಮೇಲೆ ಮೊದಲ ಎಂಟು ಮಂದಿ ಖಾಲಿ ಬುಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಲಸ್ಸಾದ್ ಅತ್ತಿಂದಿತ್ತ ತಿರುಗುತ್ತಿದ್ದ. ಹೊಲದಲ್ಲಿ ಮೆಣಸಿನಕಾಯಿ ಕೆಂಪಗೆ ಹಣ್ಣಾಗಿ ಬಗ್ಗಿತ್ತು. ಕಾರ್ಖಾನೆಗೆ ಒಯ್ಯುವ ಲಾರಿ ಎಂಜಿನ್ ಆರಿಸಿ ನಿಂತಿತ್ತು.

"ಬಿಸಿಲು ಏರ್ತಾ ಇದೆ, ಶುರು ಮಾಡ್ರಮ್ಮಾ!"

"ಎಲ್ಲರೂ ಬರ್ಲಿ ಹಾಜಿ."

"ಬಂದಷ್ಟು ಜನ ಶುರು ಮಾಡಿ ಅಂದೆ!"

"ಎಲ್ಲರೂ ಬರ್ಲಿ ಅಂದ್ವಲ್ಲ."

ಧಾವ್‌ನ ಪಿಕಪ್ ಬಂತು. ಡಬ್ಬಿ ಖಾಲಿ. ಲಸ್ಸಾದ್ ಅವನ ಮೇಲೆ ಹರಿಹಾಯ್ದ. "ಜನ ಎಲ್ಲೋ? ನಿನ್ನ ಹೆಂಡ್ತಿನಾದ್ರೂ ಕರ್ಕೊಂಡು ಬರೋಕಾಗ್ಲಿಲ್ವಾ?"

ಧಾವ್ ಕೆಳಗಿಳಿದ. "ಹತ್ತು ಅಂದೆ. ಅಕ್ಕನ ಗಾಡೀಲಿ ಕೂತು ಬರ್ತೀನಿ ಅಂದ್ಲು."

"ನೀನೇನಂದೆ?"

"ನಾನೇನಂತೀನಿ ಹಾಜಿ?" ಧಾವ್ ಪಿಕಪ್ಪಿನ ಬಾಗಿಲಿಗೆ ಒರಗಿಕೊಂಡ. "ಕೂರು ಅಂದೆ."

ಕೊನೆಯ ಸುತ್ತು ಬರುವ ಹೊತ್ತಿಗೆ ಹೊತ್ತು ಚೆನ್ನಾಗಿ ಏರಿತ್ತು. ದೂರದಲ್ಲಿ ಧೂಳು ಎದ್ದಾಗ ಬದುವಿನ ಮೇಲಿದ್ದವರೆಲ್ಲ ಎದ್ದು ನಿಂತರು, ಯಾರೋ ಬಾಯಿಗೆ ಕೈ ಇಟ್ಟು ಉಲುಲು ಕೂಗಿದಳು, ಮದುವೆ ದಿಬ್ಬಣ ಬಂದಾಗ ಕೂಗುವ ಹಾಗೆ. ಮಹಬೂಬಾ ಇಳಿದಳು. ಸೆರಗು ಕೊಡವಿ, ಗಂಡನನ್ನು ದಾಟಿ, ಸಾಲಿಗೆ ಹೋಗಿ ನಿಂತಳು.

"ನಾಳೆಯಿಂದ ಆ ವ್ಯಾನಲ್ಲಿ ಬರೋರು ಬರೋದೇ ಬೇಡ" ಎಂದ ಲಸ್ಸಾದ್. ಇಪ್ಪತ್ತೆಂಟು ಜೋಡಿ ಕೈಗಳು ಒಟ್ಟಿಗೆ ಗಿಡಗಳಿಗೆ ಇಳಿದವು. ಹಣ್ಣಾದ ಮೆಣಸಿನಕಾಯಿ ನಾಲ್ಕು ದಿನ ಕಾಯುವುದಿಲ್ಲ, ಆ ಕಾಲದಲ್ಲಿ ಸೀಮೆಯಲ್ಲಿ ಇನ್ನೆಲ್ಲೂ ಬಿಡಿ ಕೈಗಳು ಸಿಗುವುದಿಲ್ಲ. ಇದು ಅವನಿಗೂ ಗೊತ್ತು, ಅವನಿಗೆ ಗೊತ್ತೆಂದು ಅವರಿಗೂ ಗೊತ್ತು. ಅವನು ಲಾರಿ ಡ್ರೈವರನ್ನು ಬೈಯಲು ಹೋದ.

ದಹ್ಬಿಯಾ ವ್ಯಾನಿನ ನೆರಳಲ್ಲಿ ಕೂತು ಆಗ ರೊಟ್ಟಿ ಬಿಚ್ಚಿದಳು. ಹಡಗು ಹತ್ತಿದ ಮೇಲೆ ಅವಳು ಹೊಟ್ಟೆ ತುಂಬ ತಿಂದದ್ದನ್ನು ನಾನು ಅಂದೇ ನೋಡಿದ್ದು. ಹರಿಸ್ಸಾ ಎಂಬ ಕೆಂಪು ಮೆಣಸಿನಕಾಯಿ ಚಟ್ನಿ ಸವರಿದ ತುಂಡನ್ನು ನನಗೂ ಕೊಟ್ಟಳು. ದೇಶದೇಶಗಳ ಹೋರಾಟಗಾರರನ್ನು ಓದಿ ಮೆಚ್ಚಿದವಳು ನಾನು. ಆ ರೊಟ್ಟಿ ತಿನ್ನುತ್ತಿದ್ದ ಹೆಂಗಸಿಗಿಂತ ದೊಡ್ಡವರನ್ನು ಕಣ್ಣಾರೆ ಕಂಡಿಲ್ಲ. ಹೇಳಿದರೆ ತೊಡೆ ಹಿಂಡುತ್ತಾಳೆಂದು ಸುಮ್ಮನಿದ್ದೆ.

ಸಂಜೆ ಮನೆಗೆ ಮರಳುವಾಗ ವ್ಯಾನಿನೊಳಗೆ ಜಗಳ ಹತ್ತಿತು. ತೂನಸ್ ಅಜ್ಜಿಗೂ ಮಹಬೂಬಾಳಿಗೂ.

"ಬೆಳಿಗ್ಗೆ ಕಿಟಕಿ ಹತ್ರ ಕೂತಿದ್ದೆಯಲ್ಲಜ್ಜಿ, ಈಗ ನನ್ನ ಸರದಿ."

"ಬೆಳಿಗ್ಗೆ ಕತ್ಲೆ ಇತ್ತು ಕಣೇ, ಏನೂ ಕಾಣಿಸ್ಲಿಲ್ಲ! ಅದು ಲೆಕ್ಕಕ್ಕಿಲ್ಲ."

"ಮುದುಕಿಗೆ ಏನು ನೋಡೋದಿದೆ? ಇದೇ ರಸ್ತೆ, ಇದೇ ಕಳ್ಳಿ."

"ನಿಂತು ನೋಡಿದೀನಿ. ಕೂತು ನೋಡಿಲ್ಲ. ಸರಿಯೇ ಅತ್ತ!"

"ಇಬ್ರೂ ಬಾಯಿ ಮುಚ್ಕೊಂಡು ಪಟ್ಟಿ ಹಾಕ್ಕೊಳ್ರೇ" ಎಂದು ದಹ್ಬಿಯಾ ಗದರಿದಳು, "ಇಲ್ಲಾಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ."

ಜಗಳ ಊರು ಬರುವ ತನಕ ನಡೆಯಿತು.